ಕೊಟ್ಟ ಕಾಲಾಳು, ಪಡೆದ ಹೊತ್ತು

ಡ್ಯಾನಿಶ್ ಗ್ಯಾಂಬಿಟ್‌ನ ಮೊದಲ ನಡೆಗಳನ್ನು ಒಮ್ಮೆ ಬೋರ್ಡಿನ ಮೇಲೆ ಆಡಿ ನೋಡಿ. ಗ್ಯಾಂಬಿಟ್ ಎಂದರೆ ಆಟದ ಶುರುವಿನಲ್ಲೇ ಬೇಕೆಂದೇ ಕಾಲಾಳನ್ನೋ ಕಾಯಿಯನ್ನೋ ಬಿಟ್ಟುಕೊಟ್ಟು, ಬದಲಿಗೆ ಹೊತ್ತು, ಜಾಗ ಪಡೆಯುವುದು. ಎ ಯಿಂದ ಎಚ್ ವರೆಗಿನ ಅಕ್ಷರ ಉದ್ದ ಸಾಲಿನದು, ಅಂಕಿ ಆ ಸಾಲಿನಲ್ಲಿ ಬಿಳಿಯ ಕಡೆಯಿಂದ ಎಣಿಸಿದ ಮನೆಯದು. ಬಿಳಿ ಇ4, ಕಪ್ಪು ಇ5. ಬಿಳಿ ಡಿ4, ಕಪ್ಪು ಹೊಡೆಯುತ್ತದೆ. ಬಿಳಿ ಸಿ3, ಕಪ್ಪು ಮತ್ತೆ ಹೊಡೆಯುತ್ತದೆ. ಬಿಳಿಯ ಒಂಟೆ ಸಿ4ಕ್ಕೆ ಬಂತು, ಕಪ್ಪು ಮೂರನೇ ಸಲ ಬಿ2ರಲ್ಲಿ ಹೊಡೆಯಿತು. ಬಿಳಿಯ ಇನ್ನೊಂದು ಒಂಟೆ ಆ ಕಾಲಾಳನ್ನು ಎತ್ತಿತು. ಈಗ ಕಪ್ಪಿನ ಕಡೆ ನೋಡಿ. ಇ ಸಾಲಿನ ಕಾಲಾಳು ಇಲ್ಲ. ಉಳಿದ ಹದಿನೈದು ಕಾಯಿಗಳೂ ಪೆಟ್ಟಿಗೆಯಿಂದ ತೆಗೆದು ಜೋಡಿಸಿಟ್ಟ ಜಾಗದಲ್ಲೇ ಇವೆ. ಕಪ್ಪು ಆಡಿದ್ದು ನಾಲ್ಕು ನಡೆ, ನಾಲ್ಕೂ ಒಂದೇ ಕಾಲಾಳಿನದು, ಆ ಕಾಲಾಳೇ ಈಗ ಬೋರ್ಡಿನ ಮೇಲಿಲ್ಲ. ಬಿಳಿಗೆ ಎರಡು ಕಾಲಾಳು ಕಡಿಮೆ. ಆದರೆ ಅದರ ಎರಡು ಒಂಟೆಗಳು ಎಫ್7 ಮತ್ತು ಜಿ7 ಮನೆಗಳ ಮೇಲೆ ಕಣ್ಣಿಟ್ಟು ಕೂತಿವೆ.

ಶಿರಸಿಯಲ್ಲಿ ನಮ್ಮ ಮನೆಯ ಜಗಲಿಗೆ ಭಾನುವಾರ ಚೆಸ್ ಕಲಿಯಲು ಬರುವ ಮಕ್ಕಳಿಗೆ ಕಾಯಿ ನಡೆಸುವುದು, ಚೆಕ್, ಮೇಟ್ ಗೊತ್ತಾದ ಮೇಲೆ ನಾನು ಮೊದಲು ತೋರಿಸುವ ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಕ್ರಮ, ಇದು. ಬಂದ ತಂದೆ ತಾಯಂದಿರಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ‘ಸರ್, ಇಷ್ಟು ಬೇಗ ಎರಡು ಸೈನಿಕರನ್ನು ಕಳಕೊಂಡ್ರೆ ಮುಂದೆ ಹೆಂಗೆ?’ ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ನನ್ನ ಉತ್ತರ ಸ್ವಲ್ಪ ಉದ್ದದ್ದು. ಜಗಲಿಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಗು ಚೆಸ್ ಕಲಿಯುವಾಗ ಮೊದಲು ಕಲಿಯುವುದು ಎಣಿಕೆ. ಕಾಲಾಳಿಗೆ ಒಂದು, ಕುದುರೆಗೂ ಒಂಟೆಗೂ ಮೂರು, ಆನೆಗೆ ಐದು, ರಾಣಿಗೆ ಒಂಬತ್ತು. ಇದು ಬೇಕು. ಇದಿಲ್ಲದೆ ಆಟವೇ ಇಲ್ಲ. ತೊಂದರೆ ಏನೆಂದರೆ, ಈ ಲೆಕ್ಕ ಕಣ್ಣಿಗೆ ಕಾಣುತ್ತದೆ. ಹೊಡೆದ ಕಾಯಿ ಬೋರ್ಡಿನ ಪಕ್ಕ ಸಾಲಾಗಿ ಕೂತಿರುತ್ತದೆ, ಮುಟ್ಟಿ ನೋಡಬಹುದು. ಹೊತ್ತು ಹಾಗೆ ಕಾಣುವುದಿಲ್ಲ. ಎದುರಾಳಿಗಿಂತ ಎರಡು ನಡೆ ಮುಂದಿದ್ದೇನೆ ಎಂಬುದನ್ನು ಎಲ್ಲಿ ಇಟ್ಟು ತೋರಿಸುವುದು? ಮೂರು ನಡೆ ಒಂದು ಕಾಲಾಳಿಗೆ ಸಮ ಎಂಬ ಹಳೆಯ ಲೆಕ್ಕವೊಂದಿದೆ. ಆ ಲೆಕ್ಕವನ್ನು ಬಾಯಿಪಾಠ ಮಾಡಿಸಿದರೆ ಮಗುವಿಗೆ ಏನೂ ತಿಳಿಯುವುದಿಲ್ಲ. ತನ್ನ ಕೈಯಾರೆ ಕಾಲಾಳು ಕೊಟ್ಟು, ಆ ನಡೆಗಳನ್ನು ಪಡೆದು, ಎದುರಿನ ರಾಜ ಕ್ಯಾಸಲಿಂಗ್ ಮಾಡಿ ಆನೆಯ ಮರೆಗೆ ಸೇರುವ ಮೊದಲೇ ಅವನ ಮನೆ ಬಾಗಿಲಿಗೆ ಹೋಗಿ ನಿಂತಾಗ ತಿಳಿಯುತ್ತದೆ. ನನ್ನ ಮಟ್ಟಿಗೆ ಗ್ಯಾಂಬಿಟ್‌ನ ದೊಡ್ಡ ಬೆಲೆ ಇದು. ಎಷ್ಟು ಆಟ ಗೆದ್ದೆವು ಎಂಬುದು ಆಮೇಲಿನ ಮಾತು.

ಈಗಿನ ತರಬೇತಿಗಳಲ್ಲಿ ಇದಕ್ಕೆ ಜಾಗ ಕಡಿಮೆಯಾಗಿದೆ. ಹುಬ್ಬಳ್ಳಿ, ಮಂಗಳೂರಿನ ರೇಟಿಂಗ್ ಟೂರ್ನಿಗೆ ಹೋಗುವ ಒಂಬತ್ತು ಹತ್ತು ವರ್ಷದ ಮಕ್ಕಳು ಬಿಳಿ ಸಿಕ್ಕರೆ ಡಿ4, ಒಂಟೆ ಎಫ್4, ಇ3, ಸಿ3 ಎಂದು ಲಂಡನ್ ಸಿಸ್ಟಮ್ ಕಟ್ಟುತ್ತಾರೆ, ಎದುರಿನವನು ಏನೇ ಆಡಲಿ. ಅದು ಒಳ್ಳೆಯ ಓಪನಿಂಗೇ. ವಿಶ್ವದರ್ಜೆಯ ಆಟಗಾರರೂ ಆಡುತ್ತಾರೆ. ಆದರೆ ಅವರು ಅಲ್ಲಿಗೆ ಬೇರೆಲ್ಲ ದಾರಿ ನಡೆದು ಬಂದವರು. ಮಗುವಿಗೆ ಅದನ್ನೇ ಮೊದಲು ಕೊಟ್ಟರೆ ಹತ್ತು ನಡೆವರೆಗೆ ಎದುರಿನ ಕಾಯಿಗಳನ್ನು ನೋಡದೆಯೇ ಆಡಬಹುದು ಎಂದು ಕಲಿಸಿದ ಹಾಗೆ. ರೇಟಿಂಗ್ ಬೇಗ ಏರುತ್ತದೆ, ನಿಜ. ಏರಿದ ಮೇಲೆ ಆ ಮಗು ಒಂದೇ ಒಂದು ಕಾಲಾಳು ಹೋದರೂ ಕಣ್ಣಲ್ಲಿ ನೀರು ತುಂಬಿಕೊಂಡು ಕೂರುವುದನ್ನು ನೋಡಿದ್ದೇನೆ. ಸ್ಥಿತಿ ಅದರ ಕಡೆಗೇ ಚೆನ್ನಾಗಿರುತ್ತದೆ, ಆದರೂ ಆಟ ಮುಗಿದೇ ಹೋಯಿತು ಎಂಬಂತೆ ಕೂತಿರುತ್ತದೆ. ನನಗೆ ಬೇಸರ ತರುವುದು ಇದು.

ನನ್ನ ಅಜ್ಜ ಆಡುತ್ತಿದ್ದದ್ದು ಹಳೆಯ ಆಟ. ರಾತ್ರಿ ಊಟವಾದ ಮೇಲೆ ಕವಳ ಹಾಕಿಕೊಂಡು ಮಣೆಯ ಮುಂದೆ ಕೂರುತ್ತಿದ್ದರು. ಅವರ ಆಟದಲ್ಲಿ ರಾಣಿ ಇರಲಿಲ್ಲ, ಮಂತ್ರಿ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ. ಕ್ಯಾಸಲಿಂಗ್ ಬದಲು ರಾಜ ಒಂದು ಸಲ ಕುದುರೆಯಂತೆ ಹಾರಬಹುದಿತ್ತು. ಈ ನಿಯಮದಲ್ಲಿ ಎರಡು ಸೈನ್ಯಗಳು ಎದುರುಬದುರಾಗಲಿಕ್ಕೇ ಬಹಳ ಹೊತ್ತು ಬೇಕು. ಎರಡನೇ ನಡೆಗೇ ಕಾಲಾಳನ್ನು ಎದುರಾಳಿಯ ಬಾಯಿಗೆ ಒಡ್ಡುವ ಕಿಂಗ್ಸ್ ಗ್ಯಾಂಬಿಟ್‌ನಂಥದ್ದು ಅಲ್ಲಿ ಹುಟ್ಟಲು ಸಾಧ್ಯವೇ ಇರಲಿಲ್ಲ. ಕಾಲಾಳಿಗೆ ಎರಡು ಮನೆ ಜಿಗಿತ ಸಿಕ್ಕಿದ ಮೇಲೆಯೇ ಹೊತ್ತಿಗೆ ಇಷ್ಟು ಬೆಲೆ ಬಂದದ್ದು ಎಂದು ನನಗನಿಸುತ್ತದೆ. ಆದರೆ ನಡು ಆಟದಲ್ಲಿ ಕಾಯಿ ಬಿಟ್ಟುಕೊಟ್ಟು ದಾರಿ ತೆರೆಯುವುದು ಅಜ್ಜನಿಗೆ ಚೆನ್ನಾಗಿ ಗೊತ್ತಿತ್ತು. ನಾನು ಆಸೆಯಿಂದ ಕೈ ಚಾಚಿದಾಗ ಹೇಳುತ್ತಿದ್ದರು, ‘ತಮಾ, ಬಿಟ್ಟಿ ಸಿಕ್ತು ಹೇಳಿ ಕಡಿಯಡ. ಅಂವ ಎಂತಕ್ಕೆ ಬಿಟ್ಟ ಹೇಳಿ ಮೊದಲು ನೋಡು.’

ಈ ಎರಡು ಆಟಗಳು ಒಂದಕ್ಕೊಂದು ಎದುರಾದದ್ದು ಕಲ್ಕತ್ತೆಯಲ್ಲಿ. ಅಲ್ಲಿ ವಕೀಲರಾಗಿದ್ದ ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ತಮ್ಮ ಕಾಲದ ಗಟ್ಟಿ ಆಟಗಾರರು. ಅವರ ಜೊತೆ ವರ್ಷಗಟ್ಟಲೆ ಆಡಿದವರು ದೇಶಿ ಆಟದಲ್ಲಿ ಪಳಗಿದ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ. ಕಾಲಾಳನ್ನು ಒಂದೊಂದೇ ಮನೆ ನಡೆಸಿ, ಒಂಟೆಯನ್ನು ಮೂಲೆಯ ಪಕ್ಕದಲ್ಲಿ ಕೂರಿಸುವ ಅವರ ಕ್ರಮದಿಂದಲೇ ಇವತ್ತಿನ ‘ಇಂಡಿಯನ್’ ಡಿಫೆನ್ಸ್‌ಗಳಿಗೆ ಆ ಹೆಸರು ಬಂತು ಎಂದು ಚೆಸ್ ಇತಿಹಾಸ ಬರೆದವರು ಹೇಳುತ್ತಾರೆ. 1848ರಲ್ಲಿ ಇವರಿಬ್ಬರ ಒಂದು ಆಟದಲ್ಲಿ, ಪೆಟ್ರೋವ್ ಡಿಫೆನ್ಸ್‌ನ ನಾಲ್ಕನೇ ನಡೆಗೆ ಕಾಕ್ರೇನ್ ತಮ್ಮ ಕುದುರೆಯನ್ನೇ ಎಫ್7ರ ಕಾಲಾಳಿಗೆ ಕೊಟ್ಟರು. ಮೂರರ ಕಾಯಿಗೆ ಎರಡು ಕಾಲಾಳು ಮತ್ತು ಕ್ಯಾಸಲಿಂಗ್ ಕಳೆದುಕೊಂಡ ರಾಜ. ಕಾಕ್ರೇನ್ ಗ್ಯಾಂಬಿಟ್ ಎಂದು ಅದಕ್ಕೆ ಹೆಸರಾಯಿತು. ನೂರೈವತ್ತು ವರ್ಷ ಕಳೆದ ಮೇಲೆ, 1999ರಲ್ಲಿ, ಲಿನಾರೆಸ್‌ನಂಥ ದೊಡ್ಡ ಟೂರ್ನಿಯಲ್ಲಿ ವೆಸೆಲಿನ್ ಟೊಪಲೊವ್ ಅದನ್ನೇ ವ್ಲಾದಿಮಿರ್ ಕ್ರಾಮ್ನಿಕ್ ಎದುರು ಆಡಿದರು. ಕ್ರಾಮ್ನಿಕ್‌ರಂಥ ರಕ್ಷಣೆಗಾರನ ಎದುರೂ ಆಟ ಡ್ರಾ ಆಯಿತು.

ಇವಾನ್ಸ್ ಗ್ಯಾಂಬಿಟ್‌ನ ಕಥೆ ಹೇಳಲು ನನಗೆ ಕಾರವಾರವೇ ಸರಿಯಾದ ಜಾಗ. ಅಲ್ಲಿ ಟೂರ್ನಿ ಇದ್ದಾಗ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಕೂತರೆ ದೂರದಲ್ಲಿ ಹಡಗಿನ ದೀಪಗಳು ಕಾಣುತ್ತವೆ, ಒಂದು ಮಗ್ಗುಲಿಗೆ ಕೆಂಪು, ಇನ್ನೊಂದಕ್ಕೆ ಹಸಿರು. ರಾತ್ರಿ ಹಡಗುಗಳು ಒಂದಕ್ಕೊಂದು ಢಿಕ್ಕಿಯಾಗದಂತೆ ಬಣ್ಣದ ದೀಪಗಳ ಏರ್ಪಾಡು ರೂಪಿಸಿದವರೆಂದು ಹೆಸರು ಪಡೆದ ವೇಲ್ಸ್‌ನ ಕ್ಯಾಪ್ಟನ್ ವಿಲಿಯಂ ಡೇವಿಸ್ ಇವಾನ್ಸ್, ಐರ್ಲೆಂಡಿಗೆ ಅಂಚೆ ಒಯ್ಯುವ ಹಡಗು ನಡೆಸುತ್ತಿದ್ದ ಮನುಷ್ಯ. 1820ರ ದಶಕದಲ್ಲಿ ಅವರಿಗೆ ಹೊಳೆದದ್ದು ಇಷ್ಟೇ: ಇಟಾಲಿಯನ್ ಓಪನಿಂಗ್‌ನಲ್ಲಿ ಎರಡೂ ಕಡೆಯ ಒಂಟೆ ಹೊರಗೆ ಬಂದ ಮೇಲೆ, ನಾಲ್ಕನೇ ನಡೆಗೆ ಬಿ4. ಕಪ್ಪು ಒಂಟೆ ಆ ಕಾಲಾಳನ್ನು ಹೊಡೆಯಲಿ. ಸಿ3 ಆಡಿದರೆ ಒಂಟೆ ಮತ್ತೆ ಓಡಬೇಕು, ಆ ಹೊತ್ತಿನಲ್ಲಿ ಡಿ4 ನಮ್ಮದು. ಒಂದು ಕಾಲಾಳಿಗೆ ಬೋರ್ಡಿನ ನಡುಭಾಗ ಪೂರ್ತಿ. ಮಕ್ಕಳಿಗೆ ಹಡಗಿನ ದೀಪ ತೋರಿಸಿ ಇದನ್ನು ಹೇಳಿದ ಮೇಲೆ ಬಿ4 ಯಾವ ಮಗುವಿಗೂ ಮರೆತಿಲ್ಲ.

ಆ ಶತಮಾನದ ಅತಿ ಚೆಂದದ ಆಟಗಳಲ್ಲಿ ಕೆಲವು ಹುಟ್ಟಿದ್ದು ಇಂಥ ಗ್ಯಾಂಬಿಟ್‌ಗಳಿಂದ. ಅಡಾಲ್ಫ್ ಆಂಡರ್ಸನ್ 1851ರಲ್ಲಿ ಲಂಡನ್ನಿನಲ್ಲಿ ಕಿಂಗ್ಸ್ ಗ್ಯಾಂಬಿಟ್ ಆಡಿ, ಒಂದು ಒಂಟೆ, ಎರಡೂ ಆನೆ, ಕೊನೆಗೆ ರಾಣಿಯನ್ನೂ ಕೊಟ್ಟು ಇಪ್ಪತ್ತಮೂರನೇ ನಡೆಗೆ ಮೇಟ್ ಮಾಡಿದರು. ಮರುವರ್ಷ ಬರ್ಲಿನ್ನಿನಲ್ಲಿ ಇವಾನ್ಸ್ ಗ್ಯಾಂಬಿಟ್‌ನಿಂದ ಇನ್ನೊಂದು ಅಂಥದೇ ಆಟ. ಇವು ಬಹಳ ಜನಕ್ಕೆ ಗೊತ್ತು. ನಾನು ಮಕ್ಕಳಿಗೆ ಹೆಚ್ಚು ಹೊತ್ತು ತೋರಿಸುವುದು 1995ರ ಆಟವನ್ನು.

ರಿಗಾದಲ್ಲಿ, ಹಿಂದಿನ ವಿಶ್ವ ಚಾಂಪಿಯನ್ ತಾಲ್ ನೆನಪಿನ ಟೂರ್ನಿ. ಬಿಳಿ ಕ್ಯಾಸ್ಪರೊವ್, ಕಪ್ಪು ನಮ್ಮ ಆನಂದ್. ಅದೇ ವರ್ಷ ಇಬ್ಬರೂ ನ್ಯೂಯಾರ್ಕಿನಲ್ಲಿ ವಿಶ್ವ ಕಿರೀಟಕ್ಕೆ ಆಡುವವರಿದ್ದರು. ಇವಾನ್ಸ್ ಗ್ಯಾಂಬಿಟ್ ಆಗ ಹಳೆ ಪೆಟ್ಟಿಗೆಯಲ್ಲಿಟ್ಟ ಸಾಮಾನು. ಕ್ಯಾಸ್ಪರೊವ್ ನಾಲ್ಕನೇ ನಡೆಗೆ ಬಿ4 ಆಡಿದರು. ಆನಂದ್ ಹೊಡೆದು, ಒಂಟೆಯನ್ನು ಇ7ಕ್ಕೆ ತಂದು, ಕುದುರೆಯನ್ನು ಎ5ಕ್ಕೆ ಕಳಿಸಿ ಸಿ4ರ ಒಂಟೆಯನ್ನು ಕೇಳಿದರು. ಇಲ್ಲಿ ಕ್ಯಾಸ್ಪರೊವ್ ಒಂಟೆಯನ್ನು ಇ2ಕ್ಕೆ ಹಿಂದೆ ಸರಿಸಿದ್ದನ್ನು ಮಕ್ಕಳು ಗಮನಿಸಬೇಕು. ಗ್ಯಾಂಬಿಟ್ ಆಡುವವನು ಹಿಂದೆ ಬರುವುದೇ ಇಲ್ಲ ಎಂದುಕೊಂಡಿರುತ್ತಾರೆ. ಎಂಟನೇ ನಡೆಗೆ ಡಿ4ರಲ್ಲಿ ಕಾಲಾಳಿನಿಂದ ಹೊಡೆಯುವ ಬದಲು ರಾಣಿಯಿಂದ ಹೊಡೆದರು. ಆಮೇಲೆ ಆ ರಾಣಿ ಎಚ್4, ಜಿ3 ಎಂದು ನಡೆಯುತ್ತ ಜಿ7ರ ಮೇಲೆ ಕಣ್ಣಿಟ್ಟು ಕೂತಿತು. ಕಪ್ಪು ಜಿ6 ಆಡಬೇಕಾಯಿತು, ಎಚ್6ರ ಮನೆ ಬಿಳಿ ಒಂಟೆಗೆ ತೆರೆಯಿತು, ಆನಂದ್ ಅವರ ರಾಜನಿಗೆ ಕ್ಯಾಸಲಿಂಗ್ ಇಲ್ಲವಾಯಿತು. ಇ5ರ ಇನ್ನೊಂದು ಕಾಲಾಳನ್ನೂ ಕ್ಯಾಸ್ಪರೊವ್ ಬಿಟ್ಟರು, ಆನಂದ್ ತೆಗೆದುಕೊಂಡರು. ಇಪ್ಪತ್ತೈದನೇ ನಡೆಗೆ ಬಿಳಿಯ ಆನೆ ಇ1ಕ್ಕೆ ಬಂದಾಗ ಆನಂದ್ ಸೋಲೊಪ್ಪಿದರು.

ಆ ಕೊನೆಯ ಸ್ಥಿತಿಯನ್ನು ಬೋರ್ಡಿನ ಮೇಲಿಟ್ಟು ನಾನು ಮಕ್ಕಳಿಗೆ ಎಣಿಸಲು ಹೇಳುತ್ತೇನೆ. ರಾಣಿಗೆ ರಾಣಿ, ಆನೆಗೆ ಆನೆ ಸಮ. ಬಿಳಿಗೆ ಒಂದು ಒಂಟೆ, ಒಂದು ಕುದುರೆ. ಕಪ್ಪಿಗೆ ಎರಡು ಒಂಟೆ. ಬಿಳಿಗೆ ನಾಲ್ಕು ಕಾಲಾಳು, ಕಪ್ಪಿಗೆ ಆರು. ಎರಡು ಕಾಲಾಳು ಹೆಚ್ಚಿಗೆ ಇಟ್ಟುಕೊಂಡವರು ಸೋಲೊಪ್ಪಿದ್ದಾರೆ! ಯಾಕೆ ಎಂದು ಕೇಳಿದರೆ ಮೊದಲು ಯಾರೂ ಮಾತಾಡುವುದಿಲ್ಲ. ಆಮೇಲೆ ಒಂದೊಂದಾಗಿ ಶುರುವಾಗುತ್ತದೆ: ರಾಜ ಎಫ್7ರಲ್ಲಿ ಬಯಲಿಗೆ ಬಿದ್ದಿದ್ದಾನೆ, ಎಚ್8ರ ಆನೆ ಒಮ್ಮೆಯೂ ಅಲುಗಿಲ್ಲ, ಎಫ್8ರ ಒಂಟೆ ವಾಪಸ್ಸು ಹುಟ್ಟಿದ ಮನೆಗೇ ಬಂದು ಕೂತಿದೆ, ಇ6ರ ಒಂಟೆಯ ಮೇಲೆ ಎಲ್ಲ ಕಡೆಯಿಂದ ಒತ್ತಡ. ಎರಡು ಕಾಲಾಳಿಗೆ ಬಿಳಿ ಕೊಂಡದ್ದು ಏನೆಂದು ಆಗ ಅವರೇ ಹೇಳುತ್ತಾರೆ. ನಾನು ಬಾಯಿ ತೆರೆಯಬೇಕಾಗಿಲ್ಲ.

ಇನಿಶಿಯೇಟಿವ್, ಅಂದರೆ ಆಟದ ಮೇಲಿನ ಹಿಡಿತ, ಎನ್ನುವುದನ್ನು ವಿವರಿಸಲು ನಮ್ಮ ಕಡೆ ತಾಳಮದ್ದಳೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅನುಭವಿ ಅರ್ಥಧಾರಿ ಎದುರಿನವರ ಒಂದು ಮಾತನ್ನು ಮೊದಲಿಗೇ ಒಪ್ಪಿಕೊಟ್ಟುಬಿಡುತ್ತಾರೆ. ಒಪ್ಪಿಕೊಟ್ಟ ಮರುಗಳಿಗೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಅವರದಾಗುತ್ತದೆ, ಎದುರಿನವರು ಪ್ರಸಂಗ ಮುಗಿಯುವವರೆಗೂ ಉತ್ತರ ಹೇಳುತ್ತಲೇ ಇರಬೇಕು. ಯಕ್ಷಗಾನ ಕೇಳಿ ಬೆಳೆದ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು.

ಹಾಗಾದರೆ ತೆಗೆದುಕೊಂಡವನ ಪಾಡೇನು? ಗ್ಯಾಂಬಿಟ್ ಬಗ್ಗೆ ಬರೆಯುವವರು ಈ ಅರ್ಧವನ್ನು ಹೆಚ್ಚಾಗಿ ಬಿಡುತ್ತಾರೆ. ನನಗೆ ಇದು ಮೊದಲ ಅರ್ಧದಷ್ಟೇ ಮುಖ್ಯ. ಡ್ಯಾನಿಶ್ ಗ್ಯಾಂಬಿಟ್‌ಗೆ ಕಾರ್ಲ್ ಶ್ಲೆಕ್ಟರ್ ಹೆಸರಿನ ಉತ್ತರವಿದೆ. ಐದನೇ ನಡೆಗೆ ಕಪ್ಪು ಡಿ5 ಆಡಿ ಕಾಲಾಳು ವಾಪಸ್ಸು ಕೊಡುತ್ತದೆ. ಬಿಳಿ ಒಂಟೆ ಅದನ್ನು ಹೊಡೆಯುತ್ತದೆ, ಕಪ್ಪು ಕುದುರೆ ಎಫ್6ಕ್ಕೆ, ಬಿಳಿ ಒಂಟೆ ಎಫ್7ರಲ್ಲಿ ಚೆಕ್ ಕೊಡುತ್ತದೆ, ಕಪ್ಪು ರಾಜ ಅದನ್ನು ಹೊಡೆದಾಗ ಬಿಳಿ ರಾಣಿ ಡಿ8ರ ರಾಣಿಯನ್ನು ಎತ್ತುತ್ತದೆ, ಆದರೆ ಒಂಟೆ ಬಿ4ರ ಚೆಕ್‌ನಿಂದ ಕಪ್ಪು ತನ್ನ ರಾಣಿಯ ಬೆಲೆ ವಸೂಲು ಮಾಡಿಕೊಳ್ಳುತ್ತದೆ. ಗದ್ದಲ ಮುಗಿದು ಎಣಿಸಿದರೆ ಎರಡೂ ಕಡೆ ಸಮ, ಬಿಳಿಯ ದಾಳಿ ಮಾತ್ರ ಎಲ್ಲೂ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಇವಾನ್ಸ್ ಗ್ಯಾಂಬಿಟ್‌ನ ಮೆರವಣಿಗೆ ನಿಲ್ಲಿಸಿದ ಎಮಾನುಯೆಲ್ ಲಾಸ್ಕರ್ ಮಾಡಿದ್ದೂ ಇದನ್ನೇ. ಹೊಡೆದ ಕಾಲಾಳನ್ನು ಬಿಗಿಹಿಡಿಯಲು ಹೋಗದೆ ಒಂಟೆಯನ್ನು ಸುಮ್ಮನೆ ಬಿ6ಕ್ಕೆ ಸರಿಸಿದರು. ಬೇಕಾದರೆ ನಿನ್ನ ಕಾಲಾಳು ತಗೋ. ತೆಗೆದುಕೊಂಡರೆ ರಾಣಿಗಳು ಹೋಗುತ್ತವೆ, ಬಿಳಿಯ ಎ ಮತ್ತು ಸಿ ಸಾಲಿನ ಕಾಲಾಳುಗಳು ಒಂಟಿಯಾಗಿ ಉಳಿಯುತ್ತವೆ, ಕಪ್ಪಿಗೆ ನೆಮ್ಮದಿಯ ಎಂಡ್‌ಗೇಮ್.

ನಮ್ಮ ಜಗಲಿಯ ಏಳನೇ ತರಗತಿಯ ಹುಡುಗಿಯೊಬ್ಬಳು ಕಾರವಾರದ ಟೂರ್ನಿಯಲ್ಲಿ ಇದನ್ನು ಆಡಿದಳು. ಎದುರಿನ ಹುಡುಗ ಬಿ4 ಆಡಿದಾಗ ಹೊಡೆದಳು, ಬಿ6ಕ್ಕೆ ಸರಿದಳು, ಕಾಲಾಳು ವಾಪಸ್ಸು ಕೊಟ್ಟಳು, ರಾಣಿಗಳು ಹೋದವು. ಉದ್ದದ ಆಟವಾಗಿ ಡ್ರಾ ಆಯಿತು. ಹೊರಗೆ ಬಂದು ಕೇಳಿದಳು, ‘ಸರ್, ಪಾನ್ ಕೊಟ್ಟಿದ್ದು ಅವ್ನು, ವಾಪಸ್ ಕೊಟ್ಟಿದ್ದು ನಾನು. ಹಂಗಾದ್ರೆ ಗ್ಯಾಂಬಿಟ್ ಆಡಿದ್ದು ಯಾರು?’ ಎಷ್ಟೋ ದೊಡ್ಡವರಿಗೆ ಹೊಳೆಯದ ಪ್ರಶ್ನೆ ಅದು. ಅವಳು ಲಂಡನ್ ಸಿಸ್ಟಮ್ ಒಂದನ್ನೇ ಕಲಿತಿದ್ದರೆ ಆ ಪ್ರಶ್ನೆ ಅವಳಲ್ಲಿ ಹುಟ್ಟುತ್ತಿರಲಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಗ್ಯಾಂಬಿಟ್ ಅನ್ನು ಎಂಜಿನ್, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಮ್, ಒಪ್ಪುವುದಿಲ್ಲ ಎನ್ನುವವರಿದ್ದಾರೆ. ಕಿಂಗ್ಸ್ ಗ್ಯಾಂಬಿಟ್ ಆಡಿದ ಕೂಡಲೇ ಎಂಜಿನ್ ಕಪ್ಪಿನ ಕಡೆ ವಾಲುತ್ತದೆ, ಹೌದು. ಅದಕ್ಕೂ ಮೊದಲೇ, 1960ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾದಲ್ಲಿ ಬೋರಿಸ್ ಸ್ಪಾಸ್ಕಿ ಅದನ್ನೇ ಆಡಿ ಹದಿನೇಳರ ಬಾಬಿ ಫಿಷರ್‌ನನ್ನು ಸೋಲಿಸಿದರು. ಫಿಷರ್ ಮರುವರ್ಷ ಲೇಖನ ಬರೆದು, ಮೂರನೇ ನಡೆಗೆ ಡಿ6 ಆಡಿದರೆ ಕಿಂಗ್ಸ್ ಗ್ಯಾಂಬಿಟ್ ಸೋತಂತೆಯೇ ಎಂದು ವಾದಿಸಿದ. ಹಾಗೆ ಬರೆದವನೇ ಕೆಲವು ವರ್ಷಗಳಲ್ಲಿ ಬಿಳಿ ಕಾಯಿ ಹಿಡಿದು ಕಿಂಗ್ಸ್ ಗ್ಯಾಂಬಿಟ್ ಆಡಿ ಗೆದ್ದ. ಎಂಜಿನ್ ಹೇಳುವ ಅಂಕಿ ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಎಂಬ ಷರತ್ತಿನದು. ಹತ್ತು ವರ್ಷದ ಮಗು, ಎದುರಿಗೆ ಇನ್ನೊಂದು ಹತ್ತು ವರ್ಷದ ಮಗು, ಓಡುತ್ತಿರುವ ಗಡಿಯಾರ, ಇವರ ನಡುವೆ ಆ ಷರತ್ತು ಎಲ್ಲಿ ಉಳಿಯುತ್ತದೆ? ಕಂಪ್ಯೂಟರುಗಳಲ್ಲೂ ಈ ವಿಷಯದಲ್ಲಿ ಒಮ್ಮತವಿರಲಿಲ್ಲ. 2017ರಲ್ಲಿ ಆಲ್ಫಾಜೀರೊ ಎಂಬ ಯಂತ್ರ ತನ್ನಷ್ಟಕ್ಕೆ ಆಟ ಕಲಿತು, ಆ ಕಾಲದ ಬಲಿಷ್ಠ ಎಂಜಿನ್ ಸ್ಟಾಕ್‌ಫಿಶ್ ಎದುರು ನೂರು ಆಟದಲ್ಲಿ 28 ಗೆದ್ದು 72 ಡ್ರಾ ಮಾಡಿತು. ಅದರ ಗೆಲುವುಗಳಲ್ಲಿ ಜನ ಬೆರಗಾದದ್ದು ಕಾಯಿಗಳ ಓಡಾಟಕ್ಕಾಗಿ ಅದು ಕಾಲಾಳು ಬಿಟ್ಟುಕೊಡುತ್ತಿದ್ದ ರೀತಿಗೆ.

ಗ್ಯಾಂಬಿಟ್ ಹವ್ಯಾಸಿಗಳ ಆಟ ಎಂಬ ಮಾತೂ ಸರಿಯಲ್ಲ. ಟೂ ನೈಟ್ಸ್ ಡಿಫೆನ್ಸ್‌ನಲ್ಲಿ ಬಿಳಿ ಕುದುರೆ ಜಿ5ಕ್ಕೆ ಬಂದಾಗ ಕಪ್ಪು ಡಿ5 ಆಡಿ, ಆಮೇಲೆ ಕುದುರೆ ಎ5 ಎಂದು ಕಾಲಾಳು ಬಿಟ್ಟು ಕಾಯಿ ಹೊರತರುತ್ತದೆ. ಅದು ಪೂರ್ತಿ ಗಟ್ಟಿ ದಾರಿ. ಕಪ್ಪು ಕಾಲಾಳು ಕೊಟ್ಟು ಬಿಳಿಯ ರಾಜನ ಮೇಲೆ ಏರಿಹೋಗುವ ಮಾರ್ಷಲ್ ಅಟ್ಯಾಕ್ ಇನ್ನೂ ದೊಡ್ಡ ಸಾಕ್ಷಿ. 1918ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮಾರ್ಷಲ್ ಅದನ್ನು ಕಪಾಬ್ಲಾಂಕಾ ಎದುರು ಆಡಿ ಸೋತರು. ಆ ಒಂದು ಸೋಲಿನಿಂದ ಅದು ಸಾಯಲಿಲ್ಲ. ನೂರು ವರ್ಷದ ಮೇಲೂ ಮೊದಲ ಸಾಲಿನ ಗ್ರ್ಯಾಂಡ್‌ಮಾಸ್ಟರುಗಳು ಅದಕ್ಕೆ ಸಿಕ್ಕಿಬೀಳಬಾರದೆಂದು ಎ4, ಎಚ್3 ಎಂದು ಪಕ್ಕದ ದಾರಿ ಹಿಡಿಯುತ್ತಾರೆ.

ಎಲ್ಲ ಗ್ಯಾಂಬಿಟ್‌ಗಳನ್ನೂ ನಾನು ಹೊಗಳುವುದಿಲ್ಲ. ಮೊಬೈಲಿನ ವಿಡಿಯೊಗಳಲ್ಲಿ ಓಡುತ್ತಿರುವ ಎಂಗ್ಲಂಡ್ ಗ್ಯಾಂಬಿಟ್ ನನ್ನ ಜಗಲಿಯಲ್ಲಿ ಇಲ್ಲ. ಡಿ4ಗೆ ಇ5, ರಾಣಿ ಇ7, ರಾಣಿ ಬಿ4 ಚೆಕ್, ಬಿ2ರ ಕಾಲಾಳು. ಬಿಳಿ ಆರನೇ ನಡೆಗೆ ಒಂಟೆಯನ್ನು ಸಿ3ಕ್ಕೆ ಇಟ್ಟರೆ ಎಂಟು ನಡೆಯೊಳಗೆ ಮುಗಿಯುತ್ತದೆ. ಕುದುರೆಯನ್ನು ಸಿ3ಕ್ಕೆ ತಂದರೆ ಕಪ್ಪಿಗೆ ಏನೂ ಉಳಿಯುವುದಿಲ್ಲ. ಅಲ್ಲಿ ಕಾಲಾಳಿಗೆ ಬದಲಾಗಿ ಹೊತ್ತೂ ಇಲ್ಲ, ನಡುಭಾಗವೂ ಇಲ್ಲ, ಎದುರಿನವನಿಗೆ ಗೊತ್ತಿರಲಿಕ್ಕಿಲ್ಲ ಎಂಬ ಆಸೆ ಮಾತ್ರ. ಅದು ಬಲೆ. ಬಲೆಯ ರುಚಿ ಹತ್ತಿದ ಮಗು ಬೋರ್ಡ್ ನೋಡುವುದನ್ನು ಬಿಟ್ಟು ಎದುರಿನವನ ಮುಖ ನೋಡತೊಡಗುತ್ತದೆ.

ಹೀಗಾಗಿ ನನ್ನ ಕ್ರಮ ಇದು. ಮೊದಲು ಡ್ಯಾನಿಶ್, ಎರಡೂ ಕಡೆಯಿಂದ, ಶ್ಲೆಕ್ಟರ್ ಉತ್ತರ ಸಮೇತ. ಅಲ್ಲಿಂದ ಇವಾನ್ಸ್. ಕಪ್ಪಿನಲ್ಲಿ ಟೂ ನೈಟ್ಸ್. ಕಿಂಗ್ಸ್ ಗ್ಯಾಂಬಿಟ್ ಆಮೇಲೆ, ಯಾಕೆಂದರೆ ಅಲ್ಲಿ ತನ್ನ ರಾಜನ ಬಾಗಿಲೂ ತೆರೆದಿರುತ್ತದೆ. ಎಲ್ಲಕ್ಕಿಂತ ಕೊನೆಗೆ ಬೆಂಕೊ ಗ್ಯಾಂಬಿಟ್. ಡಿ4, ಸಿ4, ಡಿ5ಕ್ಕೆ ಎದುರಾಗಿ ಕಪ್ಪು ಮೂರನೇ ನಡೆಗೆ ಬಿ5 ಆಡಿ, ಆಮೇಲೆ ಎ6 ಎಂದು ಕಾಲಾಳು ಕೊಡುತ್ತದೆ. ಮೇಟ್ ಇಲ್ಲ, ಗದ್ದಲವಿಲ್ಲ. ಎ ಮತ್ತು ಬಿ ಸಾಲುಗಳು ತೆರೆದುಕೊಳ್ಳುತ್ತವೆ, ಆನೆಗಳು ಅಲ್ಲಿಗೆ ಬರುತ್ತವೆ, ಜಿ7ರ ಒಂಟೆ ಕರ್ಣದುದ್ದಕ್ಕೂ ನೋಡುತ್ತಿರುತ್ತದೆ. ರಾಣಿಗಳು ಹೋದ ಮೇಲೂ, ಒಂದು ಕಾಲಾಳು ಕಡಿಮೆ ಇಟ್ಟುಕೊಂಡೇ, ಕಪ್ಪು ಒತ್ತುತ್ತಲೇ ಇರುತ್ತದೆ. ಎಂಟು ವರ್ಷದ ಮಗುವಿಗೆ ಇದು ರುಚಿಸುವುದಿಲ್ಲ, ರುಚಿಸಬೇಕೆಂದು ನಾನು ಬಯಸುವುದೂ ಇಲ್ಲ. ಸದ್ಯ ಇಬ್ಬರು ಮಾತ್ರ ಅದನ್ನು ಆಡುತ್ತಿದ್ದಾರೆ, ಅವರಲ್ಲೊಬ್ಬಳು ಆ ಏಳನೇ ತರಗತಿಯವಳು. ಈ ಮಳೆಗಾಲದಲ್ಲಿ ಅವರಿಬ್ಬರಿಗೂ ರಾಣಿಗಳನ್ನು ತೆಗೆದಿಟ್ಟ ಬೆಂಕೊ ಸ್ಥಿತಿಯಿಂದಲೇ ಆಟ ಶುರು ಮಾಡಿಸಬೇಕೆಂದಿದ್ದೇನೆ, ಮೊದಲು ಕಾಲಾಳು ಹೆಚ್ಚಿರುವ ಬಿಳಿಯಾಗಿ, ಆಮೇಲೆ ಕಪ್ಪಾಗಿ.